ಹತ್ತು ಸಲ ನೋಡಿದರೂ ಗಂಟು ಬೀಳಲಿಲ್ಲ: ಸೋಷಿಯಲ್ ಮೀಡಿಯಾದಿಂದ ಕಲಿಯೋದು ಹೇಗೆ?

ನನಗೆ ಒಂದು ಗಂಟು ಕಲಿಯಬೇಕಿತ್ತು. ಬೋಲಿನ್ ಅಂತ ಅದರ ಹೆಸರು. ಹಗ್ಗದ ತುದಿಯಲ್ಲಿ ಒಂದು ಕುಣಿಕೆ, ಎಷ್ಟು ಎಳೆದರೂ ಅದು ಕಿರಿದಾಗಬಾರದು, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚಲು ಬರಬೇಕು. ದೋಣಿ ನಡೆಸುವವರು ತುಂಬಾ ಬಳಸುವ ಗಂಟು. ಫೋನಲ್ಲಿ ಹುಡುಕಿದೆ, 40 ಸೆಕೆಂಡಿನ ವಿಡಿಯೊ ಸಿಕ್ಕಿತು. ಅದರಲ್ಲಿ ನೆನಪಿಟ್ಟುಕೊಳ್ಳಲು ಪುಟ್ಟ ಕಥೆಯೂ ಇತ್ತು. ಹಗ್ಗದಲ್ಲಿ ಒಂದು ಚಿಕ್ಕ ಸುರುಳಿ ಮಾಡಿ, ಅದು ಬಿಲ. ಉದ್ದದ ಹಗ್ಗ ಮರ. ತುದಿ ಮೊಲ. ಮೊಲ ಬಿಲದಿಂದ ಹೊರಗೆ ಬರುತ್ತದೆ, ಮರವನ್ನು ಸುತ್ತುತ್ತದೆ, ಮತ್ತೆ ಬಿಲಕ್ಕೆ ಇಳಿಯುತ್ತದೆ. ಅಷ್ಟೇ.

10 ಸಲ ನೋಡಿದೆ. ಕೊನೆಕೊನೆಗೆ ಅವರು ಕೈ ಆಡಿಸುವ ಮೊದಲೇ ಮುಂದೇನು ಅಂತ ನನಗೆ ಗೊತ್ತಾಗುತ್ತಿತ್ತು. ಸರಿ, ಬಂತು ಅಂದುಕೊಂಡು ಹಗ್ಗ ಕೈಗೆ ತಗೊಂಡೆ. ಬಿಲ ಆಯಿತು, ಮೊಲ ಬಂತು, ಮರ ಸುತ್ತಿತು, ಬಿಲಕ್ಕೆ ಇಳಿಯಿತು. ಎಳೆದ ಕೂಡಲೇ ಇಡೀ ಗಂಟು ಬಿಚ್ಚಿಕೊಂಡು ಹಗ್ಗ ನೆಟ್ಟಗಾಯಿತು.

ಫೋನ್ ನೋಡಿ ಏನಾದರೂ ಕಲಿಯಲು ಹೊರಟವರಿಗೆ ಇಂಥದ್ದು ಒಂದಲ್ಲ ಒಂದು ಸಲ ಆಗಿರುತ್ತದೆ. ಹೊಸ ಭಾಷೆ, ಗಿಟಾರ್, ಕೋಡಿಂಗ್, ಹಕ್ಕಿ ಗುರುತಿಸೋದು, ಯಾವುದೇ ಇರಲಿ, ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಅದೂ ಪುಕ್ಕಟೆ. ಆದರೆ ಆರು ತಿಂಗಳು ಫಾಲೋ ಮಾಡಿದ ಮೇಲೆ ಏನು ಬಂತು ಅಂತ ನಮ್ಮನ್ನೇ ಕೇಳಿಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿರುತ್ತದೆ. ಯಾಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಮೊದಲು ಫೀಡ್ ಅನ್ನೋದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಆಮೇಲೆ ನಮ್ಮ ತಲೆ ಹೇಗೆ ಕೆಲಸ ಮಾಡುತ್ತದೆ ಅಂತ.

ಫೀಡ್ ಅಂದರೆ ಏನು?

ಆ್ಯಪ್ ತೆರೆದ ಕೂಡಲೇ ಕಣ್ಣ ಮುಂದೆ ಬರುವ ಪೋಸ್ಟ್‌ಗಳ ಸಾಲೇ ಫೀಡ್. ಮೊದಮೊದಲು ಇದು ಬಹಳ ಸರಳವಾಗಿತ್ತು. ನಾವು ಯಾರನ್ನು ಫಾಲೋ ಮಾಡಿದ್ದೇವೋ ಅವರು ಹಾಕಿದ್ದು, ಹಾಕಿದ ಹೊತ್ತಿನ ಕ್ರಮದಲ್ಲಿ ಕಾಣುತ್ತಿತ್ತು. ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಎರಡೂ 2016ರಲ್ಲಿ ಈ ಪದ್ಧತಿ ಬದಲಿಸಿದವು. ಯಾವ ಪೋಸ್ಟ್ ಮೇಲೆ ಬರಬೇಕು ಅನ್ನೋದನ್ನು ಆಮೇಲಿಂದ ಅಲ್ಗಾರಿದಂ ತೀರ್ಮಾನಿಸುತ್ತಿದೆ.

ಅಲ್ಗಾರಿದಂ ಅಂದರೆ ಒಂದು ಕೆಲಸವನ್ನು ಹೇಗೆ ಮಾಡಬೇಕು ಅನ್ನುವ ನಿಯಮಗಳ ಪಟ್ಟಿ. ಇಲ್ಲಿ ಅದರ ಕೆಲಸ ಊಹೆ ಮಾಡೋದು. ಸಾವಿರಾರು ಪೋಸ್ಟ್‌ಗಳಲ್ಲಿ ಯಾವುದರ ಮುಂದೆ ನೀವು ಜಾಸ್ತಿ ಹೊತ್ತು ನಿಲ್ಲುತ್ತೀರಿ ಅನ್ನೋದು ಆ ಊಹೆ. ಅದಕ್ಕೆ ನಿಮ್ಮ ಮನಸ್ಸು ಗೊತ್ತಿಲ್ಲ, ನಿಮ್ಮ ಬೆರಳು ಮಾತ್ರ ಗೊತ್ತು. ಎಲ್ಲಿ ನಿಂತಿತು, ಎಲ್ಲಿ ಜಾರಿತು, ಯಾವುದನ್ನು ಮತ್ತೆ ನೋಡಿತು, ಯಾರಿಗೆ ಕಳಿಸಿತು. ಸಿಟ್ಟು ಬಂದು ನಾಲ್ಕು ಸಾಲು ಬೈದು ಕಾಮೆಂಟ್ ಹಾಕಿದರೂ ಅದರ ಲೆಕ್ಕದಲ್ಲಿ ನಿಮಗೆ ಆ ವಿಷಯದಲ್ಲಿ ಆಸಕ್ತಿ ಇದೆ ಅಂತಲೇ ಅರ್ಥ.

ಯೂಟ್ಯೂಬ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅದು ಎಷ್ಟು ಜನ ವಿಡಿಯೊ ತೆರೆದರು ಅಂತ ಎಣಿಸಿ ಶಿಫಾರಸು ಮಾಡುತ್ತಿತ್ತು. ಹೀಗಾಗಿ ಒಳಗೆ ಏನೂ ಇಲ್ಲದಿದ್ದರೂ ಹೊರಗಿನ ಚಿತ್ರ, ತಲೆಬರಹ ಜೋರಾಗಿರುವ ವಿಡಿಯೊಗಳು ಗೆಲ್ಲುತ್ತಿದ್ದವು. 2012ರಲ್ಲಿ ನೋಡಿದ ಸಮಯಕ್ಕೆ ಹೆಚ್ಚು ತೂಕ ಕೊಡಲು ಶುರು ಮಾಡಿದರು. ಸುಳ್ಳು ತಲೆಬರಹದ ಆಟ ಸ್ವಲ್ಪ ತಗ್ಗಿತು. ಅದರ ಜೊತೆಗೆ ಜನರನ್ನು ಕೂರಿಸಿಕೊಳ್ಳೋದೇ ಅಳತೆಗೋಲಾಯಿತು.

ಇನ್ನೊಂದು ಸಣ್ಣ ವಿಷಯ. ಮೊದಲು ಪುಟದ ಕೊನೆ ಅಂತ ಒಂದು ಇರುತ್ತಿತ್ತು. ಅಲ್ಲಿ ಮುಂದಿನ ಪುಟದ ಬಟನ್ ಒತ್ತಬೇಕಿತ್ತು. ಒತ್ತುವ ಮೊದಲು ಅರೆಗಳಿಗೆ, ಸಾಕಾ ಬೇಕಾ ಅಂತ ಯೋಚಿಸಲು ಜಾಗ ಸಿಗುತ್ತಿತ್ತು. ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ಕೊನೆಯೇ ಇಲ್ಲದ ಸ್ಕ್ರಾಲ್ ರೂಪಿಸಿದರು. ಆಮೇಲೆ ಅವರೇ ಅದಕ್ಕಾಗಿ ಬೇಸರಪಟ್ಟು ಬಹಿರಂಗವಾಗಿ ಮಾತಾಡಿದ್ದಾರೆ.

ಹಾಗಂತ ಫೀಡ್‌ಗೆ ನಿಮ್ಮ ಕಲಿಕೆ ಹಾಳು ಮಾಡಬೇಕು ಅನ್ನುವ ಉದ್ದೇಶವೇನೂ ಇಲ್ಲ. ನೀವು ಕಲಿತಿರಾ ಇಲ್ಲವಾ ಅನ್ನೋದನ್ನು ಅದು ಅಳೆಯುವುದೇ ಇಲ್ಲ, ಅಷ್ಟೇ. ಗಂಟು ಬಿಚ್ಚಿಹೋದದ್ದು ನನಗೆ ಗೊತ್ತಾಯಿತು. ಆ ವಿಡಿಯೊವನ್ನು 10 ಸಲ ನೋಡಿದೆ ಅನ್ನೋದು ಫೀಡ್‌ಗೆ ಗೊತ್ತಾಯಿತು. ಮಾರನೇ ದಿನ ಇನ್ನೂ 20 ಗಂಟು ತಂದು ಸುರಿಯಿತು.

ನೋಡಿದರೆ ಬಂದಂತೆ ಯಾಕೆ ಅನಿಸುತ್ತದೆ?

ಮೈಕಲ್ ಕಾರ್ಡಾಸ್ ಮತ್ತು ಎಡ್ ಒಬ್ರಿಯನ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಮೇಜಿನ ಮೇಲಿನ ಪಾತ್ರೆಗಳು ಅಲುಗದ ಹಾಗೆ ಕೆಳಗಿನ ಬಟ್ಟೆಯನ್ನು ಮಾತ್ರ ಸರಕ್ಕನೆ ಎಳೆಯುವ ಆಟ ಇದೆಯಲ್ಲ, ಅದರ ವಿಡಿಯೊವನ್ನು ಕೆಲವರಿಗೆ ಒಂದೇ ಸಲ, ಕೆಲವರಿಗೆ 20 ಸಲ ತೋರಿಸಿದರು. ಜಾಸ್ತಿ ಸಲ ನೋಡಿದವರಿಗೆ ‘ನಾನೂ ಮಾಡಬಲ್ಲೆ’ ಅನ್ನುವ ಧೈರ್ಯ ಜಾಸ್ತಿ ಇತ್ತು. ಗುರಿಗೆ ಡಾರ್ಟ್ ಎಸೆಯೋದು, ಮೂನ್‌ವಾಕ್ ನೃತ್ಯ ಇಂಥವನ್ನೂ ತೋರಿಸಿ, ಆಮೇಲೆ ನಿಜಕ್ಕೂ ಮಾಡಿಸಿ ನೋಡಿದರು. ಧೈರ್ಯ ಏರಿತ್ತು, ಕೈಚಳಕ ಇದ್ದಲ್ಲೇ ಇತ್ತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಪ್ರಯೋಗ. ಗಾಳಿಗೆ ಎಸೆದು ಹಿಡಿಯುವ ಜಗ್ಲಿಂಗ್ ಆಟದ ವಿಡಿಯೊ ನೋಡಿದ ಮೇಲೆ ಅದರಲ್ಲಿ ಎಸೆಯುವ ಬಾಟಲಿ ಆಕಾರದ ಪಿನ್‌ಗಳನ್ನು ಸುಮ್ನೆ ಕೈಯಲ್ಲಿ ಹಿಡಿದುಕೊಂಡವರ ಧೈರ್ಯ ಇಳಿಯಿತು. ಭಾರ ಕೈಗೆ ತಾಗಿದ ಕೂಡಲೇ ತಲೆಗೆ ಸತ್ಯ ಹೊಳೆಯಿತು.

ಕಾರಣ ಕಷ್ಟದ್ದೇನಲ್ಲ. ಒಂದನ್ನು ಗುರುತಿಸೋದು ಬೇರೆ, ನೆನಪಿನಿಂದ ಹೊರತೆಗೆಯೋದು ಬೇರೆ. ಪರಿಚಯದ ಮುಖ ಎದುರಿಗೆ ಬಂದರೆ ಥಟ್ಟನೆ ಗುರುತು ಸಿಗುತ್ತದೆ. ಅದೇ ಮುಖವನ್ನು ಕಾಗದದ ಮೇಲೆ ಬರೆ ಅಂದರೆ ಮೂಗಿನ ಹತ್ತಿರವೇ ನಿಂತುಬಿಡುತ್ತೇವೆ. ವಿಡಿಯೊ ಮತ್ತೆ ಮತ್ತೆ ನೋಡಿದಾಗ ಗುರುತು ಗಟ್ಟಿಯಾಗುತ್ತದೆ. ಅದನ್ನೇ ನಾವು ಕಲಿತೆವು ಅಂದುಕೊಳ್ಳುತ್ತೇವೆ.

ಹೊರತೆಗೆಯೋದಕ್ಕೆ ಎಷ್ಟು ಬೆಲೆ ಇದೆ ಅಂತ ತೋರಿಸಿದ್ದು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು, 2006ರಲ್ಲಿ. ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ಓದಿ, ಮತ್ತೊಮ್ಮೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. 5 ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದವರಿಗೆ ಸುಮಾರು 42 ಶೇಕಡಾ ನೆನಪಿತ್ತು, ಬರೆದವರಿಗೆ 56.

ಮರೆವಿನ ವಿಚಾರವಂತೂ ಇನ್ನೂ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಸೋರಿ ಹೋಗುತ್ತಿತ್ತು. ಆಮೇಲೆ ಸೋರೋದು ನಿಧಾನವಾಗುತ್ತಿತ್ತು. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತರೆ ಜಾಸ್ತಿ ಉಳಿಯುತ್ತದೆ ಅಂತಲೂ ಅವರು ಕಂಡುಕೊಂಡರು.

ಈಗ ಫೀಡ್ ಕಡೆ ತಿರುಗಿ ನೋಡಿ. ಒಂದು ವಿಡಿಯೊ ಮುಗಿಯಿತು. ಅದನ್ನು ಮುಚ್ಚಿ ನೆನಪಿನಿಂದ ಹೇಳಿನೋಡಲು ಎಲ್ಲಿದೆ ಜಾಗ? ಮುಂದಿನದು ಆಗಲೇ ಓಡುತ್ತಿರುತ್ತದೆ. ಕಲಿಕೆಗೆ ಬೇಕಾದ ಆ ಅರ್ಧ ನಿಮಿಷವನ್ನೇ ಅದು ಕಿತ್ತುಕೊಳ್ಳುತ್ತದೆ. ಅದಕ್ಕೇ ನಾನು ಈಗ ಒಂದು ವಿಡಿಯೊ ಮುಗಿದ ಕೂಡಲೇ ಫೋನನ್ನು ಬೋರಲು ಹಾಕಿಬಿಡುತ್ತೇನೆ. ಏನು ನೋಡಿದೆ ಅಂತ ಎರಡು ಸಾಲು ಕಾಗದದ ಮೇಲೆ ಬರೆಯುತ್ತೇನೆ. ಬರೆಯಲು ಬಾರದಿದ್ದರೆ ಬಂದಿಲ್ಲ ಅಂತ ಅರ್ಥ. ಆಮೇಲೆ ಬೇಕಾದರೆ ಎರಡನೇ ಸಲ.

ಸೇವ್ ಬಟನ್ ಬಗ್ಗೆಯೂ ಒಂದು ಮಾತು. ಸೇವ್ ಮಾಡಿದ ಕೂಡಲೇ ಮನಸ್ಸಿಗೆ ಒಂದು ನಿರಾಳ. ಕೆಲಸ ಅರ್ಧ ಮುಗಿದ ಹಾಗೆ. ಆದರೆ ಆ ಪಟ್ಟಿ ತೆರೆದು ನೋಡುವವರು ಎಷ್ಟು ಜನ? ನನ್ನದರಲ್ಲಿ 300ಕ್ಕೂ ಜಾಸ್ತಿ ಇದ್ದವು. ಒಂದು ಭಾನುವಾರ ಕೂತು ಹೆಚ್ಚಿನವನ್ನು ಅಳಿಸಿದೆ. ಒಂದೂ ನೆನಪಾಗಿ ಕಾಡಲಿಲ್ಲ.

ಫೀಡ್‌ಗೆ ಬುದ್ಧಿ ಕಲಿಸಬಹುದಾ?

ಕಲಿಸಬಹುದು, ಸ್ವಲ್ಪ ಮಟ್ಟಿಗೆ. ಅದು ಬೆರಳನ್ನು ನೋಡಿ ಊಹಿಸುತ್ತದೆ ಅಂದಮೇಲೆ ಬೆರಳನ್ನು ಯೋಚಿಸಿ ಆಡಿಸಿದರಾಯಿತು.

ಸರ್ಚ್ ಇಲ್ಲಿ ಬಹಳ ಬಲವಾದ ಸುಳಿವು. ಫೀಡ್ ಮುಂದೆ ಬರಿಗೈಯಲ್ಲಿ ಹೋದರೆ ಅದು ಕೊಟ್ಟಿದ್ದನ್ನು ತಗೋಬೇಕು. ಪ್ರಶ್ನೆ ಹಿಡಿದುಕೊಂಡು ಹೋದರೆ ಆಟ ಬೇರೆ. ‘ಫೋಟೋಗ್ರಫಿ’ ಅಂತ ಹುಡುಕಿದರೆ ಬಣ್ಣಬಣ್ಣದ ಚಿತ್ರಗಳ ಸಂತೆ ಬರುತ್ತದೆ. ‘ಕಿಟಕಿ ಮುಂದೆ ನಿಲ್ಲಿಸಿ ತೆಗೆದ ಫೋಟೋದಲ್ಲಿ ಮುಖ ಯಾಕೆ ಕಪ್ಪಾಗುತ್ತದೆ’ ಅಂತ ಹುಡುಕಿದರೆ ಕಲಿಸುವವರು ಬರುತ್ತಾರೆ. ಹೀಗೆ ನಾಲ್ಕು ದಿನ ಮಾಡಿ, ಬಂದದ್ದನ್ನು ಕೊನೆಯವರೆಗೆ ನೋಡಿ, ಫೀಡ್ ಬದಲಾಗುತ್ತಾ ಬರುತ್ತದೆ. ಬೇಡದ್ದು ಬಂದಾಗ ಬೈಯಬೇಡಿ, ನಿಲ್ಲಬೇಡಿ. ‘ಆಸಕ್ತಿ ಇಲ್ಲ’ ಅನ್ನುವ ಆಯ್ಕೆ ಮೂರು ಚುಕ್ಕಿಗಳ ಹಿಂದೆ ಅಡಗಿರುತ್ತದೆ, ಅದನ್ನು ಒತ್ತಿ.

ಕಲಿಕೆಗೆಂದೇ ಬೇರೆ ಖಾತೆ ತೆರೆಯೋದು ಇನ್ನೊಂದು ದಾರಿ. ಗೆಳೆಯರ ಮದುವೆ ಫೋಟೋ ಒಂದು ಕಡೆ, ಗಿಟಾರ್ ಪಾಠ ಇನ್ನೊಂದು ಕಡೆ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಮುಖಪುಟ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಸರ್ಚ್ ಪೆಟ್ಟಿಗೆ ಮಾತ್ರ ಉಳಿಯುತ್ತದೆ. ನೋಡಲು ಬೋಳುಬೋಳು, ಆದರೆ ತಲೆ ತಣ್ಣಗಿರುತ್ತದೆ.

ಎಷ್ಟೇ ಬುದ್ಧಿ ಕಲಿಸಿದರೂ ಫೀಡ್ ಮಾಡಲಾರದ ಕೆಲಸ ಒಂದಿದೆ. ಅದು ಬಿಡಿಬಿಡಿಯಾಗಿ ಕೊಡುತ್ತದೆ, ಮೆಟ್ಟಿಲಾಗಿ ಕೊಡುವುದಿಲ್ಲ. ಭಾಗಾಕಾರ ಬರದವರಿಗೆ ಶೇಕಡಾ ಲೆಕ್ಕದ ಉಪಾಯ, ಸ್ವರ ಗೊತ್ತಿಲ್ಲದವರಿಗೆ ರಾಗದ ಸೂಕ್ಷ್ಮ. ಎಲ್ಲವೂ ಸೊಗಸಾಗಿಯೇ ಇರುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಸಲ್ಮಾನ್ ಖಾನ್ (ನಟ ಅಲ್ಲ, ಗಣಿತ ಹೇಳಿಕೊಟ್ಟವರು) 2004ರಲ್ಲಿ ದೂರದಲ್ಲಿದ್ದ ಸೋದರ ಸಂಬಂಧಿಗೆ ಪಾಠ ಹೇಳಲು ಶುರು ಮಾಡಿ, 2006ರಿಂದ ಯೂಟ್ಯೂಬಿಗೆ ಚಿಕ್ಕ ಚಿಕ್ಕ ವಿಡಿಯೊ ಹಾಕುತ್ತಾ ಹೋದರು. ಅದೇ ಖಾನ್ ಅಕಾಡೆಮಿಯಾಗಿ ಬೆಳೆದಾಗ ಬರೀ ವಿಡಿಯೊ ಸಾಲಲಿಲ್ಲ. ಯಾವುದರ ಮೇಲೆ ಯಾವುದು ಅನ್ನುವ ಕ್ರಮವೂ ಅಭ್ಯಾಸದ ಲೆಕ್ಕಗಳೂ ಸೇರಿಕೊಂಡವು. ನಮಗೂ ಮಾಡಲು ಸಾಧ್ಯವಾದದ್ದೇ ಇದು. ಆ ವಿಷಯದ ಯಾವುದಾದರೂ ಪಠ್ಯಪುಸ್ತಕದ ಪರಿವಿಡಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪುಸ್ತಕ ಓದದಿದ್ದರೂ ಪರವಾಗಿಲ್ಲ. ನೋಡಿದ ಪ್ರತಿ ವಿಡಿಯೊ ಯಾವ ಅಧ್ಯಾಯದ ಕೆಳಗೆ ಬರುತ್ತದೆ ಅಂತ ಗುರುತು ಹಾಕುತ್ತಾ ಹೋದರೆ ಯಾವ ಅಧ್ಯಾಯ ಖಾಲಿ ಬಿದ್ದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಜನರಿಂದ ಕಲಿಯೋದು

ನನ್ನ ಮಟ್ಟಿಗೆ ಸೋಷಿಯಲ್ ಮೀಡಿಯಾದ ನಿಜವಾದ ಸಂಪತ್ತು ವಿಡಿಯೊ ಅಲ್ಲ, ಕಾಮೆಂಟ್ ಪೆಟ್ಟಿಗೆಯ ಆ ಕಡೆ ಕೂತಿರುವ ಜನ. ಪುಸ್ತಕಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ. ಇಲ್ಲಿ ಬರುತ್ತದೆ.

ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಗಣಿತದ ಒಂದು ಪ್ರಸಂಗ ಇದೆ. 1998ರಲ್ಲಿ ಗಣಿತದ ಬಹು ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಟಿಮ್ ಗವರ್ಸ್ 2009ರ ಆರಂಭದಲ್ಲಿ ಒಂದು ಕಠಿಣ ಪ್ರಮೇಯವನ್ನು ಸಾಧಿಸಿ ತೋರಿಸಲು ಹೊಸ ದಾರಿ ಹುಡುಕೋಣ, ಯಾರು ಬೇಕಾದರೂ ಸೇರಿಕೊಳ್ಳಿ ಅಂತ ಆನ್‌ಲೈನಲ್ಲಿ ಕರೆ ಕೊಟ್ಟರು. ಪೂರ್ತಿ ಉತ್ತರ ತರಬೇಕಿಲ್ಲ, ಅರ್ಧಂಬರ್ಧ ಯೋಚನೆಯನ್ನೂ ಚಿಕ್ಕದಾಗಿ ಬರೆಯಿರಿ, ಪೆದ್ದುತನ ಅನಿಸಿದರೂ ಪರವಾಗಿಲ್ಲ ಅನ್ನೋದು ಅಲ್ಲಿನ ನಿಯಮ. ದೊಡ್ಡ ಪ್ರೊಫೆಸರ್‌ಗಳ ಜೊತೆಗೆ ಶಾಲಾ ಶಿಕ್ಷಕರೂ ಬರೆದರು. ಕೆಲವೇ ವಾರಗಳಲ್ಲಿ ದಾರಿ ಸಿಕ್ಕಿತು. ಪ್ರಬಂಧ ಡಿ. ಎಚ್. ಜೆ. ಪಾಲಿಮ್ಯಾಥ್ ಎಂಬ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಪ್ರಕಟವಾಯಿತು.

ನಮ್ಮ ನಿಮ್ಮ ಪ್ರಶ್ನೆ ಅಷ್ಟು ದೊಡ್ಡದಲ್ಲ, ಆದರೆ ಸೂತ್ರ ಅದೇ. ಅರ್ಧಂಬರ್ಧ ಮಾಡಿದ್ದನ್ನು ತೋರಿಸಬೇಕು. ನಾನು ಮೊದಲು ಗಂಟುಗಳ ಒಂದು ಗ್ರೂಪಿನಲ್ಲಿ ‘ಬೋಲಿನ್ ಬರುತ್ತಿಲ್ಲ, ಹೆಲ್ಪ್ ಮಾಡಿ’ ಅಂತ ಬರೆದೆ. ಇಬ್ಬರು ವಿಡಿಯೊ ಕೊಂಡಿ ಕಳಿಸಿದರು. ಅದರಲ್ಲೊಂದು ನಾನು 10 ಸಲ ನೋಡಿದ್ದೇ! ಮಾರನೇ ದಿನ ಹಗ್ಗವನ್ನು ಮೇಜಿನ ಮೇಲೆ ಹರಡಿ, ಎಳೆಯುವ ಮೊದಲಿನ ಫೋಟೋ ತೆಗೆದು, ‘ಇಲ್ಲಿವರೆಗೆ ಸರಿ ಅನಿಸುತ್ತದೆ, ಎಳೆದರೆ ಬಿಚ್ಚಿಹೋಗುತ್ತದೆ’ ಅಂತ ಹಾಕಿದೆ. ಹತ್ತು ನಿಮಿಷದಲ್ಲಿ ಯಾರೋ ಒಂದೇ ಸಾಲು ಬರೆದರು: ‘ನಿಮ್ಮ ಮರ ಬಿಲದ ಮುಂದೆ ಬೆಳೆದಿದೆ, ಹಿಂದೆ ಇರಬೇಕು.’ ಸುರುಳಿ ಮಾಡುವಾಗ ಉದ್ದದ ಹಗ್ಗವನ್ನು ಮೇಲೆ ಹಾಯಿಸಿದ್ದೆ, ಅದು ಕೆಳಗೆ ಹೋಗಬೇಕಿತ್ತು. ವಿಡಿಯೊದಲ್ಲಿ ಅದು ಅರ್ಧ ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು.

ಏನೂ ಬರೆಯದೆ ಸುಮ್ನೆ ನೋಡುತ್ತಾ ಇರೋದೂ ತಪ್ಪೇನಲ್ಲ. ಯಾವ ಕಸುಬಿನಲ್ಲೂ ಹೊಸಬರು ಮೊದಲು ಅಂಚಿನಲ್ಲಿ ನಿಂತು ನೋಡುತ್ತಾರೆ, ಸಣ್ಣಪುಟ್ಟ ಕೆಲಸ ಮಾಡುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬ ಸಂಶೋಧಕರು 1991ರಲ್ಲೇ ಇದನ್ನು ಕಲಿಕೆಯ ಸಹಜ ದಾರಿ ಅಂತ ವಿವರಿಸಿದ್ದಾರೆ. ಒಂದು ಗ್ರೂಪಿನಲ್ಲಿ ಎರಡು ವಾರ ಸುಮ್ಮನಿದ್ದರೆ ಯಾರಿಗೆ ನಿಜವಾಗಿ ಗೊತ್ತಿದೆ, ಯಾರು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ ಅನ್ನೋದೂ ಗೊತ್ತಾಗುತ್ತದೆ.

ಹೇಳಿದ್ದೆಲ್ಲ ನಿಜಾನಾ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹೇಗೆ ಪ್ರಮಾಣಿಸೋದು ಅನ್ನೋದೇ ತೊಡಕು. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬ ಸಂಶೋಧಕರು 2017ರಲ್ಲಿ 45 ಜನರ ಮುಂದೆ ಗೊತ್ತಿಲ್ಲದ ಜಾಲತಾಣಗಳನ್ನಿಟ್ಟು ನಂಬಬಹುದಾ ಅಂತ ಕೇಳಿದ್ದನ್ನು ವರದಿ ಮಾಡಿದರು. ಅವರಲ್ಲಿ 10 ಜನ ಇತಿಹಾಸದ ಪಿಎಚ್‌.ಡಿ. ಪಡೆದವರು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, 10 ಜನ ವೃತ್ತಿಯಿಂದಲೇ ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವವರು. ಮೊದಲೆರಡು ಗುಂಪಿನವರ ಪೈಕಿ ಬಹಳ ಜನ ಆ ಪುಟದಲ್ಲೇ ಕೂತು ಓದಿದರು. ಲೋಗೋ ಚೆನ್ನಾಗಿದೆ, ಬರಹ ಗಂಭೀರವಾಗಿದೆ ಅಂತ ಮೋಸ ಹೋದರು. ಪರಿಶೀಲಿಸುವವರು ಪುಟವನ್ನು ಅರೆಕ್ಷಣ ನೋಡಿ ಬಿಟ್ಟು ಹೊರಗೆ ಬಂದರು. ಹೊಸ ಟ್ಯಾಬ್ ತೆರೆದು, ಇದನ್ನು ನಡೆಸುವವರು ಯಾರು, ಬೇರೆಯವರು ಇವರ ಬಗ್ಗೆ ಏನು ಹೇಳುತ್ತಾರೆ ಅಂತ ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರ ಅವರಿಗೇ ಸಿಕ್ಕಿತು.

ರೀಲ್ಸ್‌ಗೂ ಇದೇ ಮಾತು. ಹೇಳುವವರ ಧ್ವನಿ, ಹಿಂದಿನ ಪುಸ್ತಕದ ಕಪಾಟು, ಲೈಕ್‌ಗಳ ಎಣಿಕೆ ಯಾವುದೂ ಪುರಾವೆ ಅಲ್ಲ. ಆ್ಯಪ್‌ನಿಂದ ಹೊರಗೆ ಬಂದು ಎರಡು ನಿಮಿಷ ಹುಡುಕಿದರೆ ಸಾಕಾಗುತ್ತದೆ. ಗಂಟು ತಪ್ಪಾದರೆ ಹಗ್ಗವೇ ಹೇಳಿಬಿಡುತ್ತದೆ, ಅಲ್ವಾ? ಔಷಧಿ, ಹಣ, ಕಾನೂನು ಹಾಗಲ್ಲ. ಅಲ್ಲಿ ತಪ್ಪು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಅಂಥವಕ್ಕೆ ಫೀಡ್‌ನಿಂದ ಪ್ರಶ್ನೆಗಳನ್ನು ತಗೊಳ್ಳಿ, ಉತ್ತರವನ್ನು ಆ ವಿಷಯ ಬಲ್ಲವರ ಹತ್ತಿರ ಎದುರಾಎದುರು ಕೇಳಿ.

ಕಲಿತದ್ದನ್ನು ಹೇಳಿಕೊಟ್ಟರೆ

ಕೆಲವು ವಾರಗಳ ನಂತರ ಅದೇ ಗ್ರೂಪಿನಲ್ಲಿ ಇನ್ನೊಬ್ಬರು ಬೋಲಿನ್ ಬಗ್ಗೆ ಕೇಳಿದರು. ಆ ಹೊತ್ತಿಗೆ ಕಣ್ಣುಮುಚ್ಚಿ ಗಂಟು ಹಾಕುತ್ತಿದ್ದೆ. ಮರ, ಬಿಲ, ಮೊಲ ಎಲ್ಲ ವಿವರಿಸಿ ಬರೆದೆ. ಅವರು ತಿರುಗಿ ಕೇಳಿದರು: ‘ಸರಿ, ಆದರೆ ಎಳೆದಾಗ ಬಿಚ್ಚಿಹೋಗೋದಿಲ್ಲ ಯಾಕೆ?’

ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಅಲ್ಲಿವರೆಗೆ ಗೊತ್ತಿರಲಿಲ್ಲ. ಲಿಯೊನಿಡ್ ರೋಸನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ಎಂಬ ಸಂಶೋಧಕರು 2002ರಲ್ಲಿ ಇದನ್ನೇ ತೋರಿಸಿದ್ದರು. ಜಿಪ್, ಬೀಗ ಇಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅಂತ ಎಷ್ಟು ಗೊತ್ತು ಅಂತ ಜನರನ್ನು ಕೇಳಿದರು. ಚೆನ್ನಾಗಿ ಗೊತ್ತು ಅಂದವರು ಹಂತ ಹಂತವಾಗಿ ವಿವರಿಸಲು ಕೂತ ಮೇಲೆ ತಾವೇ ತಮಗೆ ಕೊಟ್ಟುಕೊಂಡ ಅಂಕ ಇಳಿಸಿಕೊಂಡರು. ಬೇರೆಯವರಿಗೆ ಹೇಳಲು ಹೋದಾಗ ತೂತು ಎಲ್ಲಿದೆ ಅಂತ ಕಾಣುತ್ತದೆ.

ಮತ್ತೆ ಹಗ್ಗ ತಗೊಂಡು ಕೂತೆ. ಈ ಸಲ ಸಡಿಲವಾಗಿ ಹಾಕಿ, ನಿಧಾನವಾಗಿ ಎಳೆಯುತ್ತಾ ನೋಡಿದೆ. ಭಾರ ಬೀಳೋದು ಮರದ ಮೇಲೆ. ಮರ ಎಳೆದಾಗ ಬಿಲ ಕಿರಿದಾಗುತ್ತದೆ. ಒಳಗಿರುವ ಮೊಲದ ಎರಡು ಎಳೆಗಳನ್ನೂ ಅದು ಅದುಮಿ ಹಿಡಿಯುತ್ತದೆ. ಎಳೆದಷ್ಟೂ ಹಿಡಿತ ಬಿಗಿ. ಮರ ಮುಂದೆ ಬೆಳೆದಿದ್ದರೆ ಎಳೆದಾಗ ಬಿಲವೇ ಮಗುಚಿಕೊಂಡು ನೆಟ್ಟಗಾಗುತ್ತದೆ, ಮೊಲಕ್ಕೆ ಹಿಡಿತವೇ ಸಿಗುವುದಿಲ್ಲ. ಎರಡೂ ಗಂಟುಗಳ ಫೋಟೋ ಪಕ್ಕಪಕ್ಕ ಇಟ್ಟು ಉತ್ತರ ಬರೆದೆ.